ಗುರಿಯ ಹಿಂದೆ ಏನಿದೆ, ನೋಡಿ

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಬಂಧುಗಳೇ,

ತೋಟವಿರುವ ನಮ್ಮ ಎಷ್ಟೋ ಮನೆಗಳಲ್ಲಿ ಬಾಗಿಲ ಹಿಂದೆ ಗುದ್ದಲಿ, ಕುಡುಗೋಲಿನ ಪಕ್ಕ ಒಂದು ಏರ್‌ಗನ್ನೂ ಒರಗಿರುತ್ತದೆ. ಮಗು ಕುಡುಗೋಲು ಮುಟ್ಟಿದರೆ ಗದರುತ್ತೇವೆ. ಏರ್‌ಗನ್ ಮುಟ್ಟಿದರೆ ಮಾತ್ರ, "ಇರಲಿ ಬಿಡು, ಅದರಲ್ಲಿರೋದು ಬರೀ ಗಾಳಿ" ಅಂದುಬಿಡುತ್ತೇವೆ. ಆ ಬರೀ ಗಾಳಿಯ ಬಗ್ಗೆ ನಾಲ್ಕು ಮಾತು ಹೇಳಲು ಈ ಪತ್ರ.

ಮೊದಲೇ ಹೇಳಿಬಿಡುತ್ತೇನೆ, ನಾನು ಏರ್‌ಗನ್ ವಿರೋಧಿಯಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಹಿಡಿದವನು. ಈಗಲೂ ಭಾನುವಾರ ಬೆಳಿಗ್ಗೆ ಕಾಯಿ ತುಂಬುವ ಕೊಟ್ಟಿಗೆಯಲ್ಲಿ ಹತ್ತು ಮೀಟರ್ ಅಳೆದು ಕಾಗದದ ಗುರಿಗೆ ಹೊಡೆಯುತ್ತೇನೆ. ಇಲ್ಲಿ ಹೇಳುವುದೆಲ್ಲ ಪೆಟ್ಟು ಬಿದ್ದ ಮೇಲೆ ಕಲಿತದ್ದು. ಆ ಪೆಟ್ಟು ತಿಂದವರು ಮಾತ್ರ ಬೇರೆಯವರು.

ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆ ರಜೆ. ತೆಂಗಿಗೆ ಬರುವ ಮಂಗಗಳನ್ನು ಓಡಿಸಲು ಚಿಕ್ಕಪ್ಪ ಏರ್‌ಗನ್ ತಂದಿದ್ದರು. ಬಾವಿಕಟ್ಟೆಯ ಮೇಲೆ ಖಾಲಿ ಡಬ್ಬಿ ಇಟ್ಟು ಹೊಡೆದೆ. ಪೆಲೆಟ್ ಡಬ್ಬಿಗೆ ತಾಗಲಿಲ್ಲ, ಹಿಂದಿನ ಕಲ್ಲಿಗೆ ಬಡಿದು ವಾಪಸ್ ಬಂತು. ಪಕ್ಕದಲ್ಲಿ ನಿಂತಿದ್ದ ಚಿಕ್ಕಪ್ಪನ ಮಗ ಮುಖ ಹಿಡಿದುಕೊಂಡು ಕುಸಿದು ಕೂತ. ಕಣ್ಣಿಗಿಂತ ಒಂದು ಬೆರಳಗಲ ಕೆಳಗೆ, ಕೆನ್ನೆಯ ಮೂಳೆಯ ಮೇಲೆ ರಕ್ತ. ಚಿಕ್ಕಪ್ಪ ಹೊಡೆಯಲಿಲ್ಲ, ಬಯ್ಯಲಿಲ್ಲ. ಗಾಯ ತೊಳೆದಾದ ಮೇಲೆ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದುಕೊಂಡು ಹೋಗಿ, "ನೀನು ಡಬ್ಬಿ ನೋಡಿದೆ ಕಣೋ, ಅದರ ಹಿಂದೆ ಏನಿದೆ ಅಂತ ನೋಡಲಿಲ್ಲ" ಅಂದರು. ಅದಕ್ಕಿಂತ ದೊಡ್ಡ ಪಾಠ ನನಗೆ ಆಮೇಲೂ ಸಿಗಲಿಲ್ಲ.

ಬರೀ ಗಾಳಿ ಎಂಬ ಮಾತನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ. ಸಾಮಾನ್ಯ .177 ಇಂಚಿನ ಪೆಲೆಟ್ಟಿನ ತೂಕ ಸುಮಾರು ಅರ್ಧ ಗ್ರಾಂ. ಸ್ಪ್ರಿಂಗ್ ಗನ್ ಅದನ್ನು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ತಳ್ಳಿದರೆ ಶಕ್ತಿ 10 ಜೂಲ್. ಮನುಷ್ಯನ ಚರ್ಮ ಸೀಳಲು ಸೆಕೆಂಡಿಗೆ ಸುಮಾರು 100 ಮೀಟರ್ ವೇಗ ಸಾಕು. ಕಣ್ಣಿಗೆ ಅಷ್ಟೂ ಬೇಡ. ಗುರಿ ತಪ್ಪಿದ ಪೆಲೆಟ್ ಬೇಲಿ ದಾಟಿ ಇನ್ನೂರು, ಮುನ್ನೂರು ಮೀಟರ್ ಹೋಗಬಲ್ಲದು. ನಮ್ಮ ಹಿಡುವಳಿಗಳ ಅಳತೆ ನಿಮಗೇ ಗೊತ್ತು. ಅಷ್ಟು ದೂರದೊಳಗೆ ಪಕ್ಕದವರ ತೋಟ, ಅದರಾಚೆಯ ಬಂಡಿದಾರಿ, ಅಲ್ಲಿ ಶಾಲೆ ಬಿಟ್ಟು ಬರುವ ಮಕ್ಕಳು ಎಲ್ಲರೂ ಇದ್ದಾರೆ. ಮಂಗ ಓಡಿಸಲೆಂದು ತಂದ ಏರ್‌ಗನ್ ಮಗುವಿನ ಜೀವ ತೆಗೆದ ಸುದ್ದಿಯನ್ನು ನಾವು ಪತ್ರಿಕೆಯಲ್ಲಿ ಓದಿ, ಅಯ್ಯೋ ಪಾಪ ಎಂದು ಪುಟ ತಿರುವಿದವರೇ ಅಲ್ಲವೇ?

ಎರಡನೆಯ ಪಾಠವೂ ಅದೇ ಬೇಸಿಗೆಯದು. ತಂತಿಯ ಮೇಲೆ ಕೂತಿದ್ದ ಬೆಳವನ ಹಕ್ಕಿಗೆ ಹೊಡೆದೆ. ಅದು ಬೀಳಲಿಲ್ಲ, ಹಾರಿಹೋಯಿತು. ಗುರಿ ತಪ್ಪಿತು ಅಂದುಕೊಂಡೆ. ಮಾರನೆಯ ದಿನ ಪಂಪ್‌ಸೆಟ್ ಮನೆಯ ಹಿಂದೆ ಇರುವೆ ಸಾಲು ಹಿಡಿದು ಹೋದಾಗ ತಿಳಿಯಿತು, ತಪ್ಪಿರಲಿಲ್ಲ. ಏರ್‌ಗನ್ನಿನ ಕ್ರೌರ್ಯ ಇರುವುದೇ ಇಲ್ಲಿ. ಪೆಲೆಟ್ ಮಂಗಕ್ಕೋ ನವಿಲಿಗೋ ತಾಗಿದರೆ ಸಾಮಾನ್ಯವಾಗಿ ಅಲ್ಲೇ ಸಾಯಿಸುವುದಿಲ್ಲ. ಮೈಯೊಳಗೆ ಸೀಸದ ಚೂರು ಹೊತ್ತ ಪ್ರಾಣಿ ಎಲ್ಲೋ ಮರೆಯಲ್ಲಿ ಕೀವು ತುಂಬಿ ಸಾಯುತ್ತದೆ. ಹೊಡೆದವನು ಮಾತ್ರ "ಸುಮ್ಮನೆ ಹೆದರಿಸಿದೆ" ಎನ್ನುತ್ತಾನೆ.

ಏರ್‌ಗನ್ನಿಗೆ ಲೈಸೆನ್ಸ್ ಬೇಡವಲ್ಲ ಎನ್ನುವವರಿದ್ದಾರೆ. ಅರ್ಧ ನಿಜ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಒಳ ಅಗಲ .177 ಇಂಚು, ಅಂದರೆ 4.5 ಮಿಲಿಮೀಟರ್ ಮೀರದೆ, ಶಕ್ತಿ 20 ಜೂಲ್ ಮೀರದೆ ಇದ್ದರೆ ಮಾತ್ರ ಆ ರಿಯಾಯಿತಿ. .22 ನಳಿಗೆಯದಕ್ಕೆ ಲೈಸೆನ್ಸ್ ಬೇಕು. ಗ್ಯಾರೇಜಿನಲ್ಲಿ ಗಟ್ಟಿ ಸ್ಪ್ರಿಂಗ್ ಹಾಕಿಸಿ 20 ಜೂಲ್ ದಾಟಿಸಿದರೆ, ನಿನ್ನೆಯವರೆಗೆ ಹವ್ಯಾಸವಾಗಿದ್ದದ್ದು ಇವತ್ತು ಲೈಸೆನ್ಸ್ ಇಲ್ಲದ ಆಯುಧ.

ಇನ್ನು ಅದರಿಂದ ಏನನ್ನು ಹೊಡೆಯುತ್ತೀರಿ ಎಂಬುದಕ್ಕೆ ಬೇರೆಯೇ ಕಾಯ್ದೆ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಣ್ಣಲ್ಲಿ ಗಾಯ ಮಾಡುವುದೂ ಬೇಟೆ, ಪ್ರಯತ್ನ ಪಡುವುದೂ ಬೇಟೆ. 2022ರ ತಿದ್ದುಪಡಿಯ ನಂತರ ನಮ್ಮ ತೆಂಗಿನ ತೋಟಕ್ಕೆ ಬರುವ ಮಾಮೂಲಿ ಮಂಗವೂ ನವಿಲು, ಕೃಷ್ಣಮೃಗಗಳ ಜೊತೆ ಮೊದಲನೇ ಅನುಸೂಚಿಯಲ್ಲಿದೆ. ಆ ಪಟ್ಟಿಯ ಪ್ರಾಣಿಯನ್ನು ಬೇಟೆಯಾಡಿದರೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಒಂದು ಗೊನೆ ಎಳನೀರು ಉಳಿಸಲು ಹೋಗಿ ತೋಟವನ್ನೇ ವಕೀಲರಿಗೆ ಬರೆದುಕೊಡುವ ವ್ಯಾಪಾರ ಇದು.

ಮಂಗದ ಕಾಟ ಸುಳ್ಳೆಂದು ನಾನು ಹೇಳುತ್ತಿಲ್ಲ. ನನ್ನದೂ ತೋಟವೇ. ತಿರುಳು ಕಟ್ಟುವ ಮೊದಲೇ ಕಿತ್ತು ಎಸೆದ ಕಾಯಿಗಳನ್ನು ಆರಿಸಿ ಆರಿಸಿ ಬೆನ್ನು ನೋಯಿಸಿಕೊಂಡವನು. ಆದರೆ ಇಷ್ಟು ವರ್ಷದಲ್ಲಿ ಪೆಲೆಟ್ ತಿಂದ ಮಂಗ ತನ್ನ ಗುಂಪಿಗೆ ಬುದ್ಧಿ ಹೇಳಿದ್ದನ್ನು ಕಂಡಿಲ್ಲ. ಇಂದು ನನ್ನ ತೋಟದಿಂದ ಓಡಿದ ಹಿಂಡು ನಾಳೆ ನಿಮ್ಮಲ್ಲಿಗೆ, ನಾಡಿದ್ದು ಮತ್ತೆ ನನ್ನಲ್ಲಿಗೆ. ನಾಯಿ, ತಮಟೆ, ಅಕ್ಕಪಕ್ಕದ ನಾಲ್ಕು ತೋಟದವರು ಸೇರಿ ಸರದಿಯಲ್ಲಿ ಕಾವಲು ನಿಲ್ಲುವುದು, ಇವು ನಿಧಾನದ ದಾರಿಗಳು, ನಿಜ. ಆದರೆ ಇವುಗಳಿಂದ ಯಾರ ಕಣ್ಣೂ ಹೋಗುವುದಿಲ್ಲ, ಯಾರೂ ಜೈಲಿಗೆ ಹೋಗುವುದಿಲ್ಲ.

ನಾವಿರುವ ಜಾಗವನ್ನೂ ನೆನೆಯಿರಿ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿದ್ದಾರೆ. ಏಳು ಚದರ ಕಿಲೋಮೀಟರಿಗಿಂತ ತುಸು ಹೆಚ್ಚಿನ ಆ ಹುಲ್ಲುಗಾವಲಲ್ಲಿ ಕೃಷ್ಣಮೃಗಗಳು ಉಳಿದುಕೊಂಡಿವೆ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಿಂದ ಆಚೆಗೆ ಭದ್ರಾ ಹುಲಿ ಮೀಸಲು. ಬೇಸಿಗೆಯಲ್ಲಿ ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ರೀವ ಹಕ್ಕಿಗಳು ಮೊಟ್ಟೆಯಿಡುತ್ತವೆ. ಅಯ್ಯನಕೆರೆ, ಮದಗದ ಕೆರೆಗಳಂತೂ ಎಲ್ಲರಿಗೂ ಗೊತ್ತು. ಬೇಟೆಗಾರ ಕೆನೆತ್ ಆಂಡರ್ಸನ್ ನಮ್ಮ ಎಮ್ಮೆದೊಡ್ಡಿಯ ನರಭಕ್ಷಕನ ಕಥೆ ಬರೆದದ್ದನ್ನು ಓದಿ ಬೆಳೆದ ನಮಗೆ ಕೋವಿ ಎಂದರೆ ಒಂದು ಗತ್ತು. ಆದರೆ ಅವರ ಎದುರಿಗಿದ್ದದ್ದು ಹುಲಿ. ತಂತಿಯ ಮೇಲೆ ಕೂತ ಬೆಳವನಿಗೆ ಹೊಡೆಯುವುದರಲ್ಲಿ ಯಾವ ಗತ್ತೂ ಇಲ್ಲ.

ಹಾಗಾದರೆ ಈ ಹವ್ಯಾಸದಲ್ಲಿ ಇರುವುದಾದರೂ ಏನು? ಬೇಕಾದಷ್ಟಿದೆ. ಸ್ಪ್ರಿಂಗ್ ಗನ್ನಿನ ಸ್ವಭಾವವನ್ನೇ ನೋಡಿ. ಕುದುರೆ, ಅಂದರೆ ಟ್ರಿಗರ್, ಎಳೆದಾಗ ಒಳಗಿನ ಪಿಸ್ಟನ್ ಮುನ್ನುಗ್ಗುತ್ತದೆ. ಪೆಲೆಟ್ ನಳಿಗೆ ಬಿಡುವ ಮೊದಲೇ ಗನ್ ಅಲುಗಿರುತ್ತದೆ. ಬಿಗಿಯಾಗಿ ಅಮುಕಿ ಹಿಡಿದಷ್ಟೂ ಗುರಿ ಚದುರುತ್ತದೆ. ಎಡ ಅಂಗೈಯ ಮೇಲೆ ಸುಮ್ಮನೆ ಕೂರಿಸಿ, ಪ್ರತಿ ಸಲವೂ ಒಂದೇ ರೀತಿ ಅಲುಗಲು ಬಿಟ್ಟರೆ ಪೆಲೆಟ್‌ಗಳು ಒಂದೇ ಕಡೆ ಬೀಳುತ್ತವೆ. ಇದು ಕೈಗೆ ಬರಲು ನನಗೆ ಎರಡು ವರ್ಷ ಹಿಡಿಯಿತು. ಪೆಲೆಟ್ ಇಲ್ಲದೆ ಕುದುರೆ ಎಳೆಯಬಾರದು, ಪಿಸ್ಟನ್ ಹಾಳಾಗುತ್ತದೆ. ನಯವಾಗಲಿ ಎಂದು ನಳಿಗೆಗೆ ಕೊಬ್ಬರಿ ಎಣ್ಣೆ ಬಿಡಬಾರದು. ಒಳಗಿನ ಒತ್ತಡಕ್ಕೆ ಎಣ್ಣೆ ಹೊತ್ತಿಕೊಂಡು ಸಿಡಿಯುತ್ತದೆ. ನಳಿಗೆ ಮಡಚಿ ಪೆಲೆಟ್ ಇಡುವಾಗ ಒಂದು ಕೈ ನಳಿಗೆಯನ್ನು ಹಿಡಿದೇ ಇರಬೇಕು. ಅದು ಪಟ್ಟನೆ ಮುಚ್ಚಿಕೊಂಡರೆ ಬೆರಳು ಉಳಿಯುವುದಿಲ್ಲ. ಪೆಲೆಟ್‌ಗಳನ್ನು ಕೆನ್ನೆಯೊಳಗೆ ಇಟ್ಟುಕೊಂಡು ಒಂದೊಂದಾಗಿ ತೆಗೆಯುವ ಅಭ್ಯಾಸವಿರುವವರು ಇವತ್ತೇ ಬಿಡಿ. ಅದು ಸೀಸ, ವಿಷ. ಹೊಡೆದಾದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ಗುರಿಯ ಹಿಂದೆ ಕಲ್ಲು, ಕಬ್ಬಿಣ, ಗಟ್ಟಿ ಮರ ಬೇಡ. ಹಳೆ ಬಟ್ಟೆ ಗಿಡಿದು ತುಂಬಿದ ಪೆಟ್ಟಿಗೆ, ಅದರ ಹಿಂದೆ ದಪ್ಪ ಮಣ್ಣಿನ ಗೋಡೆ ಇರಲಿ.

ಆಟದ ಎತ್ತರ ತಿಳಿಯಬೇಕೆ? ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಗುರಿಯಲ್ಲಿ ನಡುವಿನ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಪೆಲೆಟ್ಟೇ ಅದರ ಒಂಬತ್ತು ಪಟ್ಟು ಅಗಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದರಲ್ಲೇ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು 2004ರಲ್ಲಿ 400ಕ್ಕೆ 400 ಅಂಕ ಹೊಡೆದರು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರಲ್ಲಿ ಏರ್ ಪಿಸ್ತೂಲಿನಲ್ಲಿ ವಿಶ್ವಕಪ್ ಪದಕ ತಂದರು. ಇವರ್‍ಯಾರೂ ಹಕ್ಕಿ ಹೊಡೆದು ದೊಡ್ಡವರಾದವರಲ್ಲ.

ಹಕ್ಕಿ ಹೊಡೆದು ದೊಡ್ಡವರಾದ ಒಬ್ಬರಿದ್ದಾರೆ, ಸಲೀಂ ಅಲಿ. ಹತ್ತು ವರ್ಷದ ಹುಡುಗನಾಗಿದ್ದಾಗ ಆಟದ ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಉರುಳಿಸಿದರು. ಕತ್ತಿನಲ್ಲಿ ಹಳದಿ ಮಚ್ಚೆ ಕಂಡು, ಇದು ಯಾವ ಹಕ್ಕಿ ಎಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಆ ಪ್ರಶ್ನೆ ಅವರನ್ನು ಪಕ್ಷಿಶಾಸ್ತ್ರಜ್ಞರನ್ನಾಗಿ ಮಾಡಿತು. ನಮ್ಮದೇ ಜಿಲ್ಲೆಯ ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಕೂಡ ಕೋವಿ ಹಿಡಿದ ಕೈಯಲ್ಲೇ ಕ್ಯಾಮೆರಾ ಹಿಡಿದರು. ಹೀಗೆ ಬದಲಾದವರು ಒಬ್ಬಿಬ್ಬರೇ ಅಲ್ಲ. ಅರುಣಾಚಲ ಪ್ರದೇಶದಲ್ಲಿ ಬೇಟೆ ಎನ್ನುವುದು ಬದುಕಿನ ಭಾಗ. ಅಲ್ಲೇ 2021ರ ಮಾರ್ಚ್‌ನಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನ ಶುರುವಾಗಿ, ಜನ ತಾವಾಗಿ ಎರಡು ಸಾವಿರಕ್ಕೂ ಹೆಚ್ಚು ಗನ್ನುಗಳನ್ನು ತಂದುಕೊಟ್ಟರು. ಅಷ್ಟು ನಾವು ಮಾಡದಿದ್ದರೂ, ಗನ್ನಿನ ಮೂತಿಯನ್ನು ಜೀವದಿಂದ ಕಾಗದದ ಕಡೆಗೆ ತಿರುಗಿಸುವಷ್ಟು ಮಾಡಬಹುದು.

ತಂದೆತಾಯಿಯರೇ, ನೀವು ಪಕ್ಕದಲ್ಲಿಲ್ಲದಾಗ ಮಗುವಿನ ಕೈಗೆ ಏರ್‌ಗನ್ ಸಿಗದಂತೆ ನೋಡಿಕೊಳ್ಳಿ. ಹುಡುಗರೇ, ತುಂಬಿದ ಗನ್ ಹಿಡಿದು ತಿರುಗಬೇಡಿ. ಹೊಡೆಯುವ ಕ್ಷಣದವರೆಗೆ ಬೆರಳು ಕುದುರೆಯಿಂದ ಹೊರಗಿರಲಿ. ಹುಲ್ಲುಗಾವಲಿಗೂ ಕೆರೆಗೂ ಗನ್ ಒಯ್ಯಬೇಡಿ. ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟ್ರುಗಳೇ, ಹತ್ತು ಮೀಟರ್ ಉದ್ದದ ಒಂದು ಹಜಾರ, ಒಂದು ಮಣ್ಣಿನ ಗೋಡೆ, ಕಲಿತವರ ಉಸ್ತುವಾರಿ ಇದ್ದರೆ ಅಭ್ಯಾಸ ಶುರುಮಾಡಬಹುದು. ಕರೆದರೆ ನನ್ನಂಥ ಹಳಬರು ಬಂದು ಹೇಳಿಕೊಡುತ್ತೇವೆ.

ಅದಕ್ಕೂ ಮುಂಚೆ ಒಂದು ಕೆಲಸವಿದೆ, ಇವತ್ತು ಸಂಜೆಯದು. ಬಾಗಿಲ ಹಿಂದಿನ ಏರ್‌ಗನ್ ತೆಗೆದು, ನಳಿಗೆ ಮಡಚಿ ಖಾಲಿಯಿದೆಯೇ ನೋಡಿ, ಬೀರುವಿನಲ್ಲಿಟ್ಟು ಬೀಗ ಹಾಕಿ. ಪೆಲೆಟ್ ಡಬ್ಬಿ ಬೇರೆ ಕಡೆ ಇರಲಿ. ಬೀಗದ ಕೈ ನಿಮ್ಮ ಹತ್ತಿರವೇ ಇರಲಿ.