ಕುರಿ ಚರ್ಮದ ಬೂಟೂ ನಮ್ಮ ಬೇಲಿಮೇಲಿನ ತುಪ್ಪಟವೂ

ತಂಗಿ ಮಗ ಮೆಲ್ಬರ್ನ್‌ನಿಂದ ಬರುವಾಗ ನನಗೊಂದು ಜೊತೆ 'ಅಗ್' ಬೂಟು ತಂದ. ಅಸಲಿಯಾದ್ರೆ ಮೆರಿನೊ ಕುರಿ ಚರ್ಮದ್ದು, ತುಪ್ಪಟ ಒಳಮೈಗೆ ಇರುತ್ತೆ. ಇದು ಆನ್‌ಲೈನಲ್ಲಿ ಅಗ್ಗಕ್ಕೆ ಸಿಕ್ತಂತೆ. ಕೈ ಹಾಕಿದ ಕೂಡಲೇ ಅನುಮಾನ ಬಂತು. ಮೂವತ್ತು ವರ್ಷ ಕುರಿ ಮುಟ್ಟಿದ ಕೈ ಕಣ್ರಪ್ಪಾ! ತುಪ್ಪಟ ಬಿಡಿಸಿ ಬುಡ ನೋಡಿದೆ, ಚರ್ಮ ಇಲ್ಲ, ಬಟ್ಟೆ ನೇಯ್ಗೆ. ನಾಲ್ಕು ಎಳೆ ಕಿತ್ತು ಕಡ್ಡಿ ಗೀರಿದೆ. ಉಣ್ಣೆಯಾದ್ರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗಿ ಉದುರಬೇಕು. ಇದು ಕರಗಿ ಗಟ್ಟಿ ಗುಂಡಾಯ್ತು. ಪ್ಲಾಸ್ಟಿಕ್ಕು!

ಆಸ್ಟ್ರೇಲಿಯಾದಲ್ಲಿ 'ಅಗ್' ಅನ್ನೋದು ನಮ್ಮ 'ಕಂಬಳಿ' ಇದ್ದಹಾಗೆ, ಎಲ್ಲರ ಮಾತು. ಆದ್ರೆ ಅಮೆರಿಕದಲ್ಲಿ ಅದು ಒಂದು ಕಂಪನಿಯ ಟ್ರೇಡ್‌ಮಾರ್ಕು. ಆ ಹೆಸರಲ್ಲಿ ಅಲ್ಲಿಗೆ ಮಾರಿದ ಅಂತ ಸಿಡ್ನಿಯ ಬೂಟು ತಯಾರಕನೊಬ್ಬ 4,50,000 ಡಾಲರ್ ಕೊಡಬೇಕು ಅಂತ 2019ರಲ್ಲಿ ತೀರ್ಪಾಯ್ತು. ಹೆಸರಿಗೆ ಅಷ್ಟು ಕಾವಲು. ಒಳಗೆ ಕುರಿ ಇದೆಯೋ ಇಲ್ವೋ, ಕೊಳ್ಳೋನೇ ಕಡ್ಡಿ ಗೀರಿ ನೋಡ್ಕೋಬೇಕು.

ಮಾರಿದವನನ್ನ ಬೈದು ಸುಮ್ಮನಾಗಬಹುದಿತ್ತು. ಆದ್ರೆ ಮೊನ್ನೆ ಸಂತೆಯಿಂದ ನೀವೆಲ್ಲ ಹೊತ್ಕೊಂಡು ಬಂದಿದ್ದೇನು? ಹುಲಿ ಚಿತ್ರದ ಪಾಲಿಯೆಸ್ಟರ್ ರಗ್ಗು! ಕೊಳ್ಳೋರಿಲ್ಲ ಅಂತ ಕತ್ತರಿಸಿದ ತುಪ್ಪಟ ಬೇಲಿಗೆ ಸುರಿದವರೂ ನೀವೇ. ಕುರಿ ಸಾಕೋನೇ ಉಣ್ಣೆ ಹೊದೀದಿದ್ರೆ ಪೇಟೆಯೋನು ಯಾಕೆ ಕೊಳ್ತಾನೆ? ಕಂಬಳಿ ಚುಚ್ಚುತ್ತೆ ಅಂತೀರಿ. ಚುಚ್ಚುತ್ತೆ, ಹೌದು. ಮಳೇಲಿ ಅದನ್ನೇ ಗೊಪ್ಪೆ ಹಾಕ್ಕೊಂಡು ನಿಮ್ಮಪ್ಪ ಮಂದೆ ಹಿಂದೆ ನಡೆದಿದ್ದು.

ಈ ಸಲ ನನ್ನ ಹಟ್ಟಿ ತುಪ್ಪಟ ಮಗ್ಗಕ್ಕೆ ಹೋಗುತ್ತೆ. ಜೊತೆಗೆ ಹಾಕೋರು ಅಮಾವಾಸ್ಯೆ ಒಳಗೆ ಹೇಳಿ. ಬೂಟು ಬೇಕಾದ್ರೆ ಯಾರಾದ್ರೂ ತಗೊಂಡು ಹೋಗಿ, ಒಂದು ಗಂಟೆಗೇ ಕಾಲು ಬೆವರಿ ನಾರುತ್ತೆ.