ಸಕ್ರಮಕ್ಕೆ ಮುನ್ನ ಆಗಬೇಕಾದದ್ದು

ವಿಜಯನಗರದ ಯಾವುದೇ ಅಡ್ಡರಸ್ತೆಯಲ್ಲಿ ನಿಂತು ತಲೆಯೆತ್ತಿ ನೋಡಿದರೆ ಬೆಂಗಳೂರಿನ ವಸತಿ ಸಮಸ್ಯೆಯ ಸ್ವರೂಪ ಅರ್ಥವಾಗುತ್ತದೆ. ಒಂದು ಕುಟುಂಬದ ವಾಸಕ್ಕೆಂದು ಹಂಚಿದ್ದ 30x40 ಅಡಿಯ ನಿವೇಶನದಲ್ಲಿ ಈಗ ನಾಲ್ಕು ಅಂತಸ್ತು. 2015ರ ನವೆಂಬರ್‌ನಲ್ಲಿ ಮೆಟ್ರೊ ಬಂದ ಮೇಲೆ ಬಾಡಿಗೆ ಮನೆಗಳ ಬೇಡಿಕೆ ಇನ್ನಷ್ಟು ಹೆಚ್ಚಿತು. ಸುತ್ತ ಬಿಡಬೇಕಾದ ಖಾಲಿ ಜಾಗ ಮಾಯವಾಗಿದೆ. ಒಳಚರಂಡಿ ಮಾತ್ರ ಹಳೆಯ ಲೆಕ್ಕದ್ದೇ.

ಇದಕ್ಕೆ ಸರ್ಕಾರಗಳು ಕಂಡುಕೊಂಡ ಮದ್ದು ಒಂದೇ: ಸಕ್ರಮ. ವಸತಿ ಕಟ್ಟಡಗಳಲ್ಲಿ ಶೇ 50, ವಾಣಿಜ್ಯ ಕಟ್ಟಡಗಳಲ್ಲಿ ಶೇ 25ರಷ್ಟು ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಮನ್ನಿಸುವ ಅಕ್ರಮ–ಸಕ್ರಮ ಯೋಜನೆಯನ್ನು 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಮರು ತಿಂಗಳೇ ಸುಪ್ರೀಂ ಕೋರ್ಟ್ ತಡೆಯಾಜ್ಞೆ ನೀಡಿತು. 2024ರ ಡಿಸೆಂಬರ್‌ನಲ್ಲಿ ಅದೇ ನ್ಯಾಯಾಲಯ, ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಕೂಡದೆಂದಿತು. ಸಾವಿರಾರು ಕುಟುಂಬಗಳು ಕಂಗಾಲಾದವು. 2025ರಲ್ಲಿ ರಾಜ್ಯ ಸರ್ಕಾರ 1,200 ಚದರ ಅಡಿವರೆಗಿನ ನಿವೇಶನಗಳಲ್ಲಿ, ಅಂತಸ್ತಿನ ಮಿತಿ ಮೀರದ ಮನೆಗಳಿಗೆ ಆ ಪತ್ರದಿಂದ ವಿನಾಯಿತಿ ಕೊಟ್ಟಿತು. ಸಾಲ ಮಾಡಿ ಮನೆ ಕಟ್ಟಿದವನಿಗೆ ಈ ನೆಮ್ಮದಿ ಬೇಕಿತ್ತು, ನಿಜ. ಆದರೆ ಕಟ್ಟಿಯಾದ ಮೇಲಿನ ಕ್ಷಮೆ, ಕಟ್ಟುವ ಮುನ್ನಿನ ನಿಯಂತ್ರಣಕ್ಕೆ ಬದಲಿಯಾಗಲಾರದು.

ಆ ನಿಯಂತ್ರಣ ಯಾರ ಹೊಣೆ? 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ಭೂಬಳಕೆ ಹಾಗೂ ಕಟ್ಟಡ ನಿಯಂತ್ರಣವನ್ನು ನಗರಾಡಳಿತದ ವಿಷಯಗಳ ಪಟ್ಟಿಗೆ ಸೇರಿಸಿದೆ. ಕೌನ್ಸಿಲ್‌ನ ಅವಧಿ ಮುಗಿಯುವ ಮುನ್ನವೇ ಚುನಾವಣೆ ನಡೆಯಬೇಕೆಂದೂ ಹೇಳಿದೆ. ನಡೆದದ್ದೇನು? 2007ರಲ್ಲಿ ಹುಟ್ಟಿ 2025ರಲ್ಲಿ ಕೊನೆಗೊಂಡ ಬಿಬಿಎಂಪಿ, ಎಂಟು ವರ್ಷಗಳಿಗೂ ಹೆಚ್ಚು ಕಾಲ ಚುನಾಯಿತ ಸದಸ್ಯರಿಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಮೇಲೆ ಅದಕ್ಕೆ ಚುನಾವಣೆಯೇ ನಡೆಯಲಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಅದರ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದವು. ವಿಜಯನಗರ ಪಶ್ಚಿಮ ಪಾಲಿಕೆಗೆ ಸೇರಿತು. ವಾರ್ಡುಗಳು 198ರಿಂದ 369ಕ್ಕೇರಿದವು. ವಾರ್ಡು ಚಿಕ್ಕದಾದಷ್ಟೂ ಸದಸ್ಯ ಜನರ ಕೈಗೆ ಸಿಗುತ್ತಾನೆಂಬುದು ಸ್ವಾಗತಾರ್ಹ. ಆದರೆ ನಗರ ಯೋಜನೆಯ ಅಧಿಕಾರ ಮುಖ್ಯಮಂತ್ರಿಯೇ ಅಧ್ಯಕ್ಷರಾಗಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರದ್ದು. ಹೀಗಾದರೆ ವಾರ್ಡಿನ ಸದಸ್ಯ ಬೀದಿದೀಪ, ಕಸಗಳಿಗಷ್ಟೇ ಸೀಮಿತನಾಗುವ ಅಪಾಯವಿದೆ.

ಸ್ಥಳೀಯ ಆಡಳಿತ ದೂರ ಸರಿದಾಗ ಏನು ಮಾಡಬಹುದೆಂಬುದಕ್ಕೆ ಸ್ಕಾಟ್ಲೆಂಡ್‌ನಲ್ಲಿ ಒಂದು ನಿದರ್ಶನವಿದೆ. ಅಲ್ಲಿ 1975ರಲ್ಲಿ ಸಣ್ಣ ಪಟ್ಟಣಗಳ ಹಳೆಯ ಪೌರಸಭೆಗಳು ರದ್ದಾದವು. 2007ರಲ್ಲಿ ನಮ್ಮ ಕೆಂಗೇರಿ ತನ್ನ ಪುರಸಭೆಯನ್ನು ಕಳೆದುಕೊಂಡ ಹಾಗೆ. ಆದರೆ ಅಲ್ಲಿ ಸಮುದಾಯ ಮಂಡಳಿಗಳಿಗೆ ಅವಕಾಶ ಮಾಡಿಕೊಟ್ಟರು. ಅವುಗಳಿಗೆ ಹಣವೂ ಕಡಿಮೆ, ಅಧಿಕಾರವೂ ಕಡಿಮೆ. ಆದರೂ ತಮ್ಮ ಪ್ರದೇಶದಲ್ಲಿ ಏನಾದರೂ ಕಟ್ಟಲು ಅರ್ಜಿ ಬಂದರೆ ಅಭಿಪ್ರಾಯ ಹೇಳುವ ಶಾಸನಬದ್ಧ ಹಕ್ಕು ಅವುಗಳಿಗಿದೆ.

ನಮ್ಮ ವಾರ್ಡ್ ಸಮಿತಿಗಳಿಗೂ ಇಷ್ಟಾದರೂ ಬೇಕು. ಮಂಜೂರಾದ ಪ್ರತಿ ನಕ್ಷೆಯೂ ಪಾಯ ತೋಡುವ ಮೊದಲು ಸಮಿತಿಯ ಮುಂದೆ ಬರಲಿ. ಎಷ್ಟು ಅಂತಸ್ತಿಗೆ ಅನುಮತಿ, ಎಷ್ಟು ಜಾಗ ಬಿಡಬೇಕು ಎಂಬುದು ನೆರೆಯವರಿಗೆ ತಿಳಿಯಲಿ. ಚುನಾಯಿತ ಕೌನ್ಸಿಲ್ ಇದ್ದ ವರ್ಷಗಳಲ್ಲೂ ಅಕ್ರಮ ಅಂತಸ್ತುಗಳು ಎದ್ದವೆಂಬುದು ಸುಳ್ಳಲ್ಲ. ಆದುದರಿಂದ ಚುನಾವಣೆಯೊಂದೇ ಪರಿಹಾರವಲ್ಲ. ಮೂರನೆಯ ಮಾಳಿಗೆಗೆ ಆರ್‌ಸಿಸಿ ಹಾಕಿದ ಮೇಲೆ ದಂಡದ ಲೆಕ್ಕ ಹಾಕುವುದಕ್ಕಿಂತ, ಮೊದಲ ಕಂಬ ಏಳುವಾಗಲೇ ಪ್ರಶ್ನಿಸುವ ಬಾಯಿ ಬೀದಿಯಲ್ಲಿರುವುದು ಮನೆ ಕಟ್ಟುವವನಿಗೂ ಕ್ಷೇಮ, ಪಕ್ಕದ ಮನೆಯವನಿಗೂ ಕ್ಷೇಮ.