ಲಿನಕ್ಸ್ ಆಟದ ಪುಸ್ತಕದಲ್ಲಿ ಏನಿರಬೇಕು?

ಕನ್ನಡದಲ್ಲಿ ಲಿನಕ್ಸ್ ಗೇಮ್ ಪ್ರೋಗ್ರಾಮಿಂಗ್ ಪುಸ್ತಕ ಅಂದ್ರೆ ಸಾಕು, ಎಲ್ಲರೂ ತ್ರೀಡಿ, ಶೇಡರ್ ಅಂತ ಶುರು ಹಚ್ಕೋತಾರೆ. ಜಾನ್ ಹಾಲ್ ಅವರ 'ಪ್ರೋಗ್ರಾಮಿಂಗ್ ಲಿನಕ್ಸ್ ಗೇಮ್ಸ್' ಬಂದಿದ್ದು 2001ರಲ್ಲಿ. ಅದರಲ್ಲಿದ್ದ ಎಸ್‌ಡಿಎಲ್ ಈಗ ಮೂರನೇ ಆವೃತ್ತಿಗೆ ಬಂದಿದೆ, ಓಎಸ್‌ಎಸ್ ಧ್ವನಿಯ ಪುಟಗಳಂತೂ ಹಳಸಿಹೋಗಿವೆ. ಬೇಗ ಹಳಸದ್ದನ್ನ ಆರಿಸ್ಕೊಳ್ಳೋದು ಜಾಣತನ.

ನನ್ನ ಕೇಳಿದ್ರೆ, ನಮ್ಮ ಕೆ.ಆರ್.ಪೇಟೆ ತಾಲ್ಲೂಕಿನ ಹೇಮಗಿರಿ ಕಡೆ ಜಗಲಿ ಮೇಲೆ ಆಡೋ ಚೌಕಾಬಾರನೇ ಮೊದಲ ಅಧ್ಯಾಯ. 25 ಮನೆ, 4 ಕವಡೆ. ಯಾವುದೋ ಒಂದು ರ‍್ಯಾಂಡಮ್ ಸಂಖ್ಯೆ ಎತ್ಕೊಂಡ್ರೆ ಅದು ಕವಡೆ ಆಗೋಲ್ಲ ಸ್ವಾಮಿ! ನಾಲ್ಕನ್ನೂ ಬೇರೆಬೇರೆ ಎಸೀಬೇಕು. ಕವಡೆ ಎರಡೂ ಕಡೆಗೆ ಸಮನಾಗಿ ಬೀಳುತ್ತೆ ಅಂದ್ಕೊಂಡ್ರೆ, ಸರಾಸರಿ 16 ಎಸೆತಕ್ಕೆ ಎರಡು ಬೀಳೋದು 6 ಸಲ, ಚೌಕ ಒಂದೇ ಸಲ, ಬಾರ ಒಂದೇ ಸಲ. ಚೌಕ ಬಿದ್ದಾಗ ಕುಣಿಯೋದು ಅದಕ್ಕೇ :-)

ಎರಡನೇದು ಕನ್ನಡ ಅಕ್ಷರ. ಹಾರ್ಫ್‌ಬಜ್ ಥರದ್ದು ಇಲ್ಲದೆ ತೆರೆ ಮೇಲೆ 'ಅಜ್ಜಿ ಗೆದ್ದಳು' ಅಂತ ಬರೆಸಿ ನೋಡಿ, ಒತ್ತಕ್ಷರ ಎಲ್ಲ ಬಿಡಿಬಿಡಿ. ಹಾಲ್ ಅವರಿಗೆ ಇದು ಬೇಕಿರಲಿಲ್ಲ, ನಮಗೆ ಬೇಕೇಬೇಕು.

ತ್ರೀಡಿಗೆ ಗೋಡೋ ಎಂಜಿನ್ ಕಡೆ ಕೈ ತೋರಿಸಿದ್ರಾಯ್ತು. ಕಂಪ್ಯೂಟರೇ ಹುಲಿ ಆಗೋ ಹುಲಿ-ಕುರಿ ಆಟನೂ ಸೇರಿಸೋಣ್ವಾ? ನೀವೇನಂತೀರಿ?